ತಂತಿಗೆ ಚುಚ್ಚಿದ ಆಷಾಢ

ವೀರಭದ್ರಮ್ಮ ಕಾಲಿಗೆ ನೀರಿನ ಚೆಂಬು ಹಿಡಿದು ಹೊಸ್ತಿಲ ಮೇಲೇ ನಿಂತುಬಿಟ್ಟಳು. ಮುಂದೆ ಬೀದಿಯಲ್ಲಿ, ಹಿಂದೂಪುರದಿಂದ ಬಂದಿಳಿದ ರಂಗಲಕ್ಷ್ಮಮ್ಮ. ಹಿಂದೆ ಅಂಗಡಿಯ ಗಾದಿಯ ಮೇಲೆ, ಬಾಗಿಲಿಗೆ ಬೆನ್ನು ಹಾಕಿ ಕೂತ ಗಂಡ ಉಜ್ಜಿನಪ್ಪ.

"ಕಾಲಿಗೆ ನೀರು ಕೊಡ್ಲೋ ಬ್ಯಾಡ್ವೋ? ಒಂದು ಮಾತು ಹೇಳ್ಬುಡಿ," ಎಂದಳು ವೀರಭದ್ರಮ್ಮ, ತಲೆ ತಿರುಗಿಸದೆ.

"ಕೇಸು ಹಾಕಿರೋದು ಯಾರು?"

"ರಂಗಿ."

"ಯಾರ ಮ್ಯಾಲೆ?"

"ನಿಮ್ ಮ್ಯಾಲೆ."

"ಮತ್ತೆ ನನ್ನ ಕೇಳ್ತೀಯಲ್ಲ!"

"ನಿಮ್ಮನ್ನ ಕೇಳ್ದೆ ಪಕ್ಕದ ಮನೇರನ್ನ ಕೇಳ್ಲಾ?"

ಬೀದಿಯಲ್ಲಿ ನಿಂತವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಬೆಳಿಗ್ಗೆ ಆರಕ್ಕೆ ಬಿಟ್ಟವಳು, ಪೆನುಕೊಂಡದಲ್ಲಿ ಬಸ್ಸು ಬದಲಾಯಿಸಿ, ಅರ್ಧ ದಾರಿ ನಿಂತೇ ಬಂದಿದ್ದಳು. "ಅತ್ತಿಗೆ, ಬಿರ್‍ರನೆ ತೀರ್ಮಾನ ಮಾಡ್ರಿ. ಕೋರ್ಟ್‌ನಾಗೂ ಇಷ್ಟೊತ್ತು ನಿಲ್ಸಾಕಿಲ್ಲ."

ವೀರಭದ್ರಮ್ಮನಿಗೆ ನಗು ತಡೆಯಲಿಲ್ಲ. ಚೆಂಬಿನ ನೀರು ಅರ್ಧ ರಂಗಲಕ್ಷ್ಮಮ್ಮನ ಕಾಲಿಗೆ, ಅರ್ಧ ತನ್ನ ಸೀರೆಗೆ ಬಿತ್ತು. "ಬಾರೆ ಒಳಕ್ಕೆ. ಕೇಸು ಕೇಸಿನ ಪಾಡಿಗೆ ಇರ್ಲಿ. ನಿಮ್ಮೋರೆಲ್ಲಿ?"

"ಬಸ್‌ಸ್ಟ್ಯಾಂಡ್‌ನಾಗೆ ಟೀ ಕುಡೀತಾ ಕುಂತವ್ರೆ. ಅಣ್ಣನ ಮೊಕ ನೋಡಾಕೆ ನಾಚ್ಕೆಯಂತೆ."

ಗಾದಿಯ ಕಡೆಯಿಂದ ಗಂಟಲು ಸರಿ ಮಾಡಿಕೊಂಡ ಸದ್ದು ಬಂತು. "ಅವ್ನಿಗೂ ನೋಟೀಸ್ ಕೊಟ್ಟೇ ಕರೀಬೇಕಾ? ಊಟದ ಹೊತ್ತಾಯ್ತು, ಬರಾಕ್ ಹೇಳು."

ಕಲ್ಯಾಣದುರ್ಗದ ಈ ಉಜ್ಜಿನಪ್ಪನಿಗೂ ರಂಗಲಕ್ಷ್ಮಮ್ಮನ ಗಂಡ, ಹಿಂದೂಪುರದ ಮಗ್ಗದ ಜಯರಾಮಪ್ಪನಿಗೂ ಸ್ನೇಹ ಇಂದು ನಿನ್ನೆಯದಲ್ಲ. ಉಜ್ಜಿನಪ್ಪನ ಅಜ್ಜಿಯ ಧಾರೆ ಸೀರೆ ಜಯರಾಮಪ್ಪನ ಅಜ್ಜನ ಮಗ್ಗದ್ದು. ಉಜ್ಜಿನಪ್ಪನ ತಾಯಿಯದೂ ಆ ಮನೆಯದೇ, ವೀರಭದ್ರಮ್ಮನದೂ ಆ ಮನೆಯದೇ. ಕಲ್ಯಾಣದುರ್ಗದ ಮನೆಯಲ್ಲಿ ಮದುವೆ ನಿಶ್ಚಯವಾದರೆ ಮೊದಲು ಒಂದು ಅರಿಶಿನದ ಕೊಂಬನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಹಿಂದೂಪುರಕ್ಕೆ ಕಳಿಸುತ್ತಾರೆ. ಅದನ್ನು ಮಗ್ಗದ ಕಂಬಕ್ಕೆ ಕಟ್ಟಿದ ಮೇಲೇ ಹಾಸು ಹೂಡುವುದು. ಅರಿಶಿನ ಬರದೆ ಧಾರೆ ಸೀರೆಯ ಒಂದೆಳೆಯನ್ನೂ ಜಯರಾಮಪ್ಪ ನೇಯುವವನಲ್ಲ. ಅವನಪ್ಪನೂ ನೇಯ್ದವನಲ್ಲ.

ಈಗ ಉಜ್ಜಿನಪ್ಪನ ಒಬ್ಬಳೇ ಮಗಳು ಶಿವಗಂಗಳ ಮದುವೆ ವೈಶಾಖಕ್ಕೆ ಗೊತ್ತಾಗಿತ್ತು. ಸಂಕ್ರಾಂತಿ ಕಳೆದು ವಾರವಾಗಿದ್ದರೂ ಅರಿಶಿನ ಬಂದಿರಲಿಲ್ಲ. ಹಿಂದೂಪುರದ ಮುದಿರೆಡ್ಡಿಪಲ್ಲಿಯಲ್ಲಿ ಜಯರಾಮಪ್ಪನ ಮನೆಯ ಮೂರು ಮಗ್ಗಗಳಲ್ಲಿ ಎರಡು ಟಕಟಕ ಅನ್ನುತ್ತಿದ್ದವು. ಮೂರನೆಯದನ್ನು ಜಯರಾಮಪ್ಪ ಖಾಲಿ ಬಿಟ್ಟು ದಿನಾ ಅದರ ಕಂಬ ಒರೆಸುತ್ತಿದ್ದ. ಒರೆಸುವುದನ್ನು ನೋಡಿ ನೋಡಿ ರಂಗಲಕ್ಷ್ಮಮ್ಮನಿಗೆ ಸಾಕಾಗಿ, ಇವತ್ತು ತಾನೇ ಹೊರಟು ಬಂದಿದ್ದಳು.

ಇಷ್ಟಕ್ಕೆಲ್ಲ ಕಾರಣ ಒಂದು ಬಣ್ಣದ ಪುಸ್ತಕ.

ಎರಡು ವರ್ಷದ ಹಿಂದೆ ಉಜ್ಜಿನಪ್ಪ ಹೊಸ ಸಫಾರಿ ಹೊಲಿಸಿಕೊಂಡು ಹಿಂದೂಪುರಕ್ಕೆ ಬಂದವನು ಆ ಪುಸ್ತಕವನ್ನು ರಾಟೆಯ ಪಕ್ಕ ಬಿಚ್ಚಿಟ್ಟಿದ್ದ. ಅವನನ್ನು ಬೆಂಗಳೂರಿನ ದೊಡ್ಡ ಹೋಟೆಲಿಗೆ ಕರೆದು, ಟೀ ಬಿಸ್ಕೀಟು ಕೊಟ್ಟು, ಮೂರು ಗಂಟೆ ಪಾಠ ಹೇಳಿದರಂತೆ. ಕಂಪನಿಯ ಹೆಸರು ಸೆವೆನ್ ಸನ್‌ರೈಸ್. "ಅಂದ್ರೆ ಏಳು ಸೂರ್ಯೋದಯ ಕಣಮ್ಮ. ವರ್ಷಕ್ಕೊಂದು ವಾರ ಊಟೀಲಿ ಮನೆ ನಿಂದೇ. ಒಂದ್ಸಲ ದುಡ್ಡು ಕಟ್ಟಿದ್ರೆ ತೊಂಬತ್ತೊಂಬತ್ತು ವರ್ಷ."

"ನಂಗೀಗ ಐವತ್ತೆರಡು," ಎಂದಿದ್ದ ಜಯರಾಮಪ್ಪ ಲಾಳಿ ನಿಲ್ಲಿಸದೆ. "ನೂರೈವತ್ತೊಂದನೇ ವಯಸ್ಸಲ್ಲಿ ಊಟಿಗೆ ಯಾರ್ಲಾ ಹತ್ತಿಸ್ತಾರೆ ನನ್ನ?"

"ಮೊಮ್ಮಕ್ಳು ಹೋಯ್ತಾರೆ ಕಣಯ್ಯ. ಇದ್ರಾಗೆ ನಂಗೇನೂ ಲಾಭ ಇಲ್ಲ. ನೀವು ಸುಖವಾಗಿರ್ಲಿ ಅಂತ ಅಷ್ಟೆ."

ರಂಗಲಕ್ಷ್ಮಮ್ಮನ ಕಣ್ಣು ಊಟಿಯ ಗುಡ್ಡದ ಮೇಲಾಗಲಿ ಕೆರೆಯ ದೋಣಿಯ ಮೇಲಾಗಲಿ ಇರಲಿಲ್ಲ. ನಾಲ್ಕನೇ ಪುಟದಲ್ಲಿ ಒಬ್ಬ ಹೆಂಗಸು ಬೆಳಗಾದರೂ ಹಾಸಿಗೆಯಲ್ಲೇ ಇದ್ದಳು. ಪಕ್ಕದಲ್ಲಿ ತಟ್ಟೆ, ತಟ್ಟೆಯಲ್ಲಿ ಕಾಫಿ, ಕಾಫಿಯ ಪಕ್ಕ ಒಂದು ಗುಲಾಬಿ ಹೂವು. ರಂಗಲಕ್ಷ್ಮಮ್ಮ ಮದುವೆಯಾಗಿ ಬಂದ ಮೂವತ್ತೊಂದು ವರ್ಷದಲ್ಲಿ ನಾಲ್ಕೂವರೆ ದಾಟಿ ಮಲಗಿದವಳಲ್ಲ. ಒಲೆ ಹಚ್ಚಿ, ಮನೆಯವರಿಗೂ ಮಗ್ಗದವರಿಗೂ ಕಾಫಿ ಇಳಿಸಿ, ರಾಟೆಯ ಮುಂದೆ ಕೂತು ಲಾಳಿಯ ಕಂಡಿಕೆಗೆ ರೇಷ್ಮೆ ಎಳೆ ಸುತ್ತಲು ಶುರು ಮಾಡಿದರೆ ಆಮೇಲೇ ಅವಳಿಗೆ ಬೆಳಗಾಗುವುದು. ಹೆರಿಗೆಗೆ ತವರಿಗೆ ಹೋದಾಗಲೂ ಅಲ್ಲಿ ಅಮ್ಮನಿಗೆ ಮಂಡಿ ನೋವು.

"ಈ ಹೂವೂ ಕೊಡ್ತಾರಾ?" ಎಂದು ಕೇಳಿದ್ದಳು.

"ಕೇಳಿದ್ರೆ ಎಲ್ಡು ಕೊಡ್ತಾರೆ," ಎಂದಿದ್ದ ಉಜ್ಜಿನಪ್ಪ.

ಚೀಟಿ ಎತ್ತಿದ ಹದಿನೆಂಟು ಸಾವಿರ ಹಾಗೆ ಹೋಯಿತು. ಅರ್ಜಿ ತುಂಬುವಾಗ ಯಾವ ವಾರ ಬೇಕು ಅನ್ನುವ ಜಾಗ ಬಂತು. ಯೋಚನೆ ಮಾಡುವುದಕ್ಕೇನಿತ್ತು? ಆಷಾಢದಲ್ಲಿ ಮದುವೆಯಿಲ್ಲ. ಮದುವೆಯಿಲ್ಲದ ಮೇಲೆ ರೇಷ್ಮೆ ಸೀರೆ ಕೇಳುವವರಿಲ್ಲ. ವರ್ಷದಲ್ಲಿ ಮಗ್ಗ ಉಸಿರು ಬಿಡುವುದು ಅದೊಂದೇ ತಿಂಗಳು. 'ಆಷಾಢ ಮಾಸಂ, ರೆಂಡೋ ವಾರಂ', ಅಂದರೆ ಎರಡನೇ ವಾರ, ಎಂದು ಉಜ್ಜಿನಪ್ಪ ತನ್ನ ದುಂಡು ತೆಲುಗಿನಲ್ಲಿ ಬರೆದ. ಬೆಂಗಳೂರಿನ ಕಂಪನಿಯವರು ಅದರ ಮೇಲೆ ಮೊಹರು ಒತ್ತಿ ಒಂದು ಪ್ರತಿ ವಾಪಸ್ಸು ಕೊಟ್ಟರು.

ಆದರೆ ಅವರು ಹೋಗಬೇಕಾದ ವರ್ಷ ಅಧಿಕ ಮಾಸ ಬಂತು. ಅದೂ ಅಧಿಕ ಆಷಾಢವೇ. ಮೊದಲು ಅಧಿಕ, ಆಮೇಲೆ ನಿಜ, ಎರಡೆರಡು ಆಷಾಢ. ಅಧಿಕದಲ್ಲಿ ರಂಗಲಕ್ಷ್ಮಮ್ಮ ಅಳಿಯನನ್ನು ಕರೆದು ಮೂವತ್ಮೂರು ಕಜ್ಜಾಯ ಇಟ್ಟು ಬಾಗಿನ ಕೊಟ್ಟಳು. ನಿಜ ಆಷಾಢದ ಎರಡನೇ ಸೋಮವಾರ ಗಂಡಹೆಂಡತಿ ಪುಳಿಯೋಗರೆ, ಸ್ವೆಟರು, ಮಂಕಿ ಟೋಪಿ ಎಲ್ಲ ಕಟ್ಟಿಕೊಂಡು ಊಟಿಗೆ ಹೋಗಿ ಇಳಿದರು. ಅಲ್ಲಿದ್ದ ಮ್ಯಾನೇಜರು ಪುಸ್ತಕ ತಿರುವಿ, "ನಿಮ್ಮದು ಇಪ್ಪತ್ತೆಂಟನೇ ವಾರ. ಅದು ಜುಲೈ ಹದಿನಾಲ್ಕಕ್ಕೇ ಮುಗಿಯಿತಲ್ಲ," ಎಂದ. ಮಂಜಿನಲ್ಲಿ ಒಂದು ಗಂಟೆ ನಿಂತು, ಬಸ್‌ಸ್ಟ್ಯಾಂಡಿನಲ್ಲಿ ಪುಳಿಯೋಗರೆ ತಿಂದು, ಬಂದ ದಾರಿಯಲ್ಲೇ ವಾಪಸ್ಸು ಬಂದರು. ಕಂಪನಿಗೆ ಬರೆದ ನಾಲ್ಕು ಕಾಗದಕ್ಕೂ ಉತ್ತರ ಬರಲಿಲ್ಲ.

ಹಿಂದೂಪುರದ ಕೋರ್ಟಿನ ಮುಂದೆ ಟೈಪ್ ಹೊಡೆಯುವ ಕಾಳಪ್ಪ, ಅನಂತಪುರದ ಬಳಕೆದಾರರ ಫೋರಮ್ಮಿಗೆ ಅರ್ಜಿ ಹಾಕಿ, ವಕೀಲರೂ ಬೇಕಿಲ್ಲ, ಅಂದ. ಸದಸ್ಯತ್ವ ರಂಗಲಕ್ಷ್ಮಮ್ಮನ ಹೆಸರಿನಲ್ಲಿತ್ತು, ಹೆಂಗಸರ ಹೆಸರಿನಲ್ಲಿ ಮಾಡಿದರೆ ಒಂದು ಕುಕ್ಕರು ಬಿಟ್ಟಿ ಎಂದಿದ್ದರು. ಹಾಗಾಗಿ ದೂರುದಾರಳು ಅವಳೇ. "ದುಡ್ಡು ಮುಟ್ಟಿದೋರ ಹೆಸರೆಲ್ಲ ಹೇಳಮ್ಮ. ಒಬ್ರನ್ನ ಬಿಟ್ರೂ ಕೇಸು ನಿಲ್ಲಲ್ಲ," ಅಂದ ಕಾಳಪ್ಪ. ಅವಳು ಹೇಳಿದಳು. ಕಾಳಪ್ಪ ಹೊಡೆದ. ಎದುರುದಾರ ನಂಬರ್ ಒಂದು, ಕಂಪನಿ. ಎದುರುದಾರ ನಂಬರ್ ಎರಡು, ಉಜ್ಜಿನಪ್ಪ, ಕಡಲೆಕಾಯಿ ವ್ಯಾಪಾರ, ಕಲ್ಯಾಣದುರ್ಗ.

ದಸರೆಯ ಹಿಂದುಮುಂದೆ ಉಜ್ಜಿನಪ್ಪನಿಗೆ ನೋಟೀಸು ಬಂತು. ಅವತ್ತಿನಿಂದ ಅವನು ಹಿಂದೂಪುರದ ಕಡೆ ತಲೆ ಹಾಕಿರಲಿಲ್ಲ.

ಜಯರಾಮಪ್ಪನನ್ನು ಬಸ್‌ಸ್ಟ್ಯಾಂಡಿನಿಂದ ಕರೆಸಿಯಾಯಿತು. ಅವನು ಬಂದು ಒಂದು ಮಣೆಯ ಮೇಲೆ ಕೂತ. ಉಜ್ಜಿನಪ್ಪ ಎರಡು ಮಣೆ ಬಿಟ್ಟು ಕೂತ. ವೀರಭದ್ರಮ್ಮ ಮುದ್ದೆ, ಅವರೆಕಾಳಿನ ಸಾರು ಬಡಿಸಿದಳು. ಗಂಡಸರಿಬ್ಬರ ಮಾತೂ ಅವಳ ಮೂಲಕವೇ ನಡೆಯಿತು.

"ಅವ್ನಿಗೆ ಇನ್ನೊಂದು ಮುದ್ದೆ ಇಕ್ಕು," ಎಂದ ಉಜ್ಜಿನಪ್ಪ.

"ಸಾಕು ಅಂತ ಹೇಳಮ್ಮ ಅವ್ನಿಗೆ," ಎಂದ ಜಯರಾಮಪ್ಪ.

"ನಾನೇನು ಫೋರಮ್ಮಾ?" ಎಂದು ವೀರಭದ್ರಮ್ಮ ಇಬ್ಬರ ತಟ್ಟೆಗೂ ಒಂದೊಂದು ಮುದ್ದೆ ಇಟ್ಟಳು.

ರಂಗಲಕ್ಷ್ಮಮ್ಮ ಸುತ್ತಿ ಬಳಸುವವಳಲ್ಲ. "ಅಣ್ಣಾ, ಕೇಸು ಹಾಕಿದ್ದು ಕಂಪನಿ ಮ್ಯಾಲೆ. ನಿನ್ ಹೆಸ್ರು ಸೇರ್ಸಿದ್ದು ಕಾಳಪ್ಪ. ಅದು ಬುಡು. ಅತ್ತಿಗೆ, ಅರಿಶಿನ ಯಾಕೆ ಕಳಿಸ್ಲಿಲ್ಲ? ಧರ್ಮಾವರದಾಗೆ ಸೀರೆ ತರ್ತೀರಂತೆ, ಊರಲ್ಲೆಲ್ಲ ಮಾತು."

"ಅಯ್ಯೋ ಶಿವನೆ, ನಿಶ್ಚಿತಾರ್ಥದ ಮಾರನೇ ದಿನಾನೆ ಕಟ್ಟಿ ಇವ್ರ ಕೈಗೆ ಕೊಟ್ಟಿವ್ನಲ್ಲೆ! ಹಿಂದೂಪುರಕ್ಕೆ ಹೋಯ್ತೀನಿ, ಕೊಡ್ತೀನಿ ಅಂತಾನೆ ಅವ್ರೆ."

ಎಲ್ಲರೂ ಉಜ್ಜಿನಪ್ಪನ ಕಡೆ ನೋಡಿದರು. ಅವನು ಸಾರಿನಲ್ಲಿ ಅವರೆಕಾಳು ಹುಡುಕುತ್ತಿದ್ದ. ಅವನ ಬಿಳಿ ಅಂಗಿಯ ಜೇಬಿನ ತುದಿಗೆ ಹಳದಿ ಕಲೆ ಹತ್ತಿದ್ದು ರಂಗಲಕ್ಷ್ಮಮ್ಮನ ಕಣ್ಣಿಗೆ ಬಿತ್ತು. ತಿಂಡಿ ಚೆಲ್ಲಿಕೊಂಡಿರಬೇಕು ಅಂದುಕೊಂಡಳು.

"ಇನ್ನೊಂದು ಮಾತು. ಆಷಾಢ ಅಂತ ನೀನೇ ಬರೆದ ಅರ್ಜಿ, ಮೊಹರು ಒತ್ತಿದ್ದು, ನಿನ್ ತಾವಾನೆ ಉಳೀತು. ಅದೊಂದು ಇದ್ರೆ ನಾವು ಗೆಲ್ತೀವಿ ಅಂತಾನೆ ಕಾಳಪ್ಪ. ನಿನ್ ತಂತೀಲಿ ಐತಲ್ವಾ?"

ತಂತಿ ಅಲ್ಲೇ ಗಾದಿಯ ಮೇಲೆ ಗೋಡೆಗೆ ನೇತಾಡುತ್ತಿತ್ತು. ತುದಿ ಚೂಪಾದ ದಪ್ಪ ಕಬ್ಬಿಣದ ತಂತಿ, ಕೆಳಗೆ ಮರದ ಬಿಲ್ಲೆ. ತೂಕದ ಚೀಟಿ, ಕರೆಂಟು ಬಿಲ್ಲು, ಮದುವೆ ಕಾಗದ, ಏನು ಬಂದರೂ ಉಜ್ಜಿನಪ್ಪ ಅದಕ್ಕೆ ಚುಚ್ಚುತ್ತಿದ್ದ. ಚುಚ್ಚಿದ್ದನ್ನು ತೆಗೆಯುವ ಪದ್ಧತಿ ಆ ಅಂಗಡಿಯಲ್ಲಿರಲಿಲ್ಲ. ನಾಲ್ಕು ವರ್ಷಕ್ಕೊಂದು ತಂತಿ ತುಂಬಿದರೆ ಅದನ್ನು ಅಟ್ಟಕ್ಕೆ ಹಾಕಿ ಹೊಸ ತಂತಿ. ಅಪ್ಪನ ಕಾಲದ ತಂತಿಗಳೂ ಅಟ್ಟದ ಮೇಲಿದ್ದವು.

ಉಜ್ಜಿನಪ್ಪನ ಕೈ ನಿಂತಿತು. "ಐತೋ ಇಲ್ವೋ," ಎಂದ. "ಹುಡುಕ್ಬೇಕು." ಊಟ ಅರ್ಧಕ್ಕೆ ಬಿಟ್ಟು ಕೈ ತೊಳೆಯಲು ಎದ್ದುಹೋದ.

ತಂತಿಯಲ್ಲಿ ಯಾವ ಕಾಗದ ಎಲ್ಲಿದೆ ಅಂತ ಕಣ್ಣು ಮುಚ್ಚಿ ಹೇಳುವ ಮನುಷ್ಯ ಉಜ್ಜಿನಪ್ಪ ಎಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹೊರಡುವಾಗ ವೀರಭದ್ರಮ್ಮ ರಂಗಲಕ್ಷ್ಮಮ್ಮನಿಗೆ ಕುಂಕುಮ ಇಟ್ಟು ರವಿಕೆ ಕಣ ಕೊಟ್ಟಳು. "ತಗೊಳೆ. ಗೆದ್ದು ಬಾ ಅನ್ನಲ್ಲ, ಸೋತು ಬಾ ಅಂತಾನೂ ಅನ್ನಲ್ಲ. ಬಾ ಅಂತೀನಿ ಅಷ್ಟೆ."

ಪೆನುಕೊಂಡದಲ್ಲಿ ಬಸ್ಸು ಇಳಿದ ಮೇಲೆ ಜಯರಾಮಪ್ಪ, "ಹದಿನೆಂಟು ಸಾವಿರ ಹೋದ್ರೆ ಹೋಯ್ತದೆ ಕಣೆ. ಆ ಮಗ್ಗಕ್ಕೆ ಬೇರೆ ಹಾಸು ಹಾಕಾಕೆ ನಂಗೆ ಕೈ ಬರಾಕಿಲ್ಲ," ಎಂದ.

ವಿಚಾರಣೆಯ ದಿನ ಫೋರಮ್ಮಿನ ಮುಂದೆ ಒಂದೇ ಬೆಂಚಿತ್ತು. ಆ ತುದಿಯಲ್ಲಿ ಉಜ್ಜಿನಪ್ಪ, ಕಾಲಿನ ಹತ್ತಿರ ದೊಡ್ಡ ಗೋಣಿತಾಟಿನ ಚೀಲ. ಈ ತುದಿಯಲ್ಲಿ ಗಂಡಹೆಂಡತಿ. ನಡುವೆ ಕಪ್ಪು ಕೋಟಿನ ಎಳೆಯ ವಕೀಲ, ಕಂಪನಿಯ ಕಡೆಯವನು, ಬೆಂಗಳೂರಿನ ಬೆಳಗಿನ ರೈಲಿಗೆ ಬಂದು ಹಸಿದು ಕೂತಿದ್ದ. ರಂಗಲಕ್ಷ್ಮಮ್ಮ ಮಂಡಕ್ಕಿ ಉಗ್ಗಾಣಿಯ ಡಬ್ಬಿ ಬಿಚ್ಚಿದಳು. ಒಬ್ಬರನ್ನು ಬಿಟ್ಟು ಒಬ್ಬರು ತಿನ್ನುವುದು ಅವಳಿಗೆ ಗೊತ್ತಿಲ್ಲ. ಎದುರುದಾರ ನಂಬರ್ ಒಂದರ ವಕೀಲನಿಗೂ ಎದುರುದಾರ ನಂಬರ್ ಎರಡಕ್ಕೂ ಮೆಣಸಿನಕಾಯಿ ಬಜ್ಜಿ ಸಮೇತ ಹಂಚಿದಳು.

"ಚಾಲಾ ಬಾಗುಂದಮ್ಮಾ," ಎಂದು ವಕೀಲ ತನಗೆ ಬರುವ ತೆಲುಗಿನಲ್ಲಿ ರುಚಿ ಹೊಗಳಿದ.

"ತಿನ್ನಪ್ಪ. ವಾದ ಮಾಡಾಕೆ ಶಕ್ತಿ ಬೇಕು."

ಒಳಗೆ ಮೂವರು ಕೂತಿದ್ದರು. ನಡುವೆ ಬಿಳಿ ಮೀಸೆಯ ಅಧ್ಯಕ್ಷರು, ಆ ಕಡೆ ಒಬ್ಬ ಸದಸ್ಯರು, ಈ ಕಡೆ ಕನ್ನಡಕದ ಸದಸ್ಯೆ. ವಕೀಲ ಎದ್ದು ನಿಂತು ಉಗ್ಗಾಣಿಯ ಋಣ ಮರೆತ. ದೂರುದಾರಳಿಗೆ ಕೊಟ್ಟದ್ದು ಇಪ್ಪತ್ತೆಂಟನೇ ವಾರ. ಕಾಗದ ಕಳಿಸಿದ್ದೇವೆ. ಅವಳು ಬರಲಿಲ್ಲ, ಎರಡು ವಾರ ತಡವಾಗಿ ಬಂದಳು. ದುಡ್ಡು ವಾಪಸ್ಸು ಕೊಡುವ ಮಾತೇ ಇಲ್ಲ. ಇನ್ನು ಉಜ್ಜಿನಪ್ಪ ಏನೇನು ಆಸೆ ತೋರಿಸಿದ್ದಾನೋ ಅದು ಅವನ ಜವಾಬ್ದಾರಿ. ಅವನು ಕಂಪನಿಯ ಮನುಷ್ಯನೇ ಅಲ್ಲ.

"ಏಮಮ್ಮಾ, ಲೆಟರು ವಚ್ಚಿಂದಾ?" ಎಂದರು ಅಧ್ಯಕ್ಷರು.

"ಬಂತು ಸ್ವಾಮಿ." ರಂಗಲಕ್ಷ್ಮಮ್ಮ ಎಂದಿನಂತೆ ಕನ್ನಡ ತೆಲುಗು ಎರಡನ್ನೂ ಕಲಸಿ ಮಾತಾಡಿದಳು. "ಕುಂಕುಮ ಹಚ್ಚಿ ದೇವ್ರ ಮುಂದೆ ಇಟ್ಟೆ."

"ಓದಿಸಲಿಲ್ಲವಾ?"

"ಇಂಗ್ಲಿಷ್ನಾಗಿತ್ತು ಸ್ವಾಮಿ. ನಮಗೆ ಬರ್ದಿದ್ರೂ ದೇವ್ರಿಗೆ ಬರ್ತದಲ್ಲ ಅಂತ."

ಸದಸ್ಯೆ ಕನ್ನಡಕ ತೆಗೆದು ಒರೆಸಿಕೊಂಡರು.

"ಜುಲೈ ಎಂಟನೇ ತಾರೀಖು ಅಂತ ಅಂಕಿಯಲ್ಲೇ ಇದೆಯಲ್ಲ," ಎಂದ ವಕೀಲ. "ವರ್ಷಕ್ಕೆ ಐವತ್ತೆರಡು ವಾರ. ಯಾರಾದರೂ ಎಣಿಸಬಹುದು."

"ನಿಮ್ ವರ್ಷಕ್ಕೆ ಹನ್ನೆರಡೇ ತಿಂಗ್ಳು ಕಣಪ್ಪ. ನಮಗೆ ಹೋದ್ಸಲ ಹದಿಮೂರು." ಅವಳು ಚೀಲದಿಂದ ಪಂಚಾಂಗ ತೆಗೆದು ಮೇಜಿನ ಮೇಲಿಟ್ಟಳು. "ಅದ್ರಾಗೆ ಆಷಾಢ ಎಲ್ಡು. ನೀವು ಅಂದ ತಾರೀಕು ಅಧಿಕದಾಗೆ ಬಿತ್ತು. ಅಧಿಕ ಮಾಸದಾಗೆ ಅಳಿಯನ್ನ ಕರ್‍ದು ಮೂವತ್ಮೂರು ಕಜ್ಜಾಯ ಸುಡಾದು ಬಿಟ್ಟು ಊಟೀಗೆ ಹೋಯ್ತಾರಾ ಯಾರಾದ್ರೂ?"

"ಮುಪ್ಪೈ ಮೂಡಾ? ಬೆಲ್ಲಂತೋನೇನಾ?" ಎಂದು ಸದಸ್ಯೆಯ ಬಾಯಿಂದ ಬಂದೇಬಿಟ್ಟಿತು.

"ಬೆಲ್ಲದ್ದೇ ತಾಯಿ. ಸಕ್ರೇದು ಮೂರು ದಿನಕ್ಕೆ ಗಟ್ಟಿ ಆಯ್ತದೆ."

ಅಧ್ಯಕ್ಷರು ಕೆಮ್ಮಿದರು. "ಸರಿಯಮ್ಮಾ. ಆದರೆ ಕಂಪನಿಯವರು ಆಷಾಢಕ್ಕೆ ಒಪ್ಪಿದ್ದರು ಅನ್ನುವುದಕ್ಕೆ ಕಾಗದ ಬೇಕು. ನಿನ್ನ ಹತ್ತಿರ ಇದೆಯಾ?"

"ಇಲ್ಲ ಸ್ವಾಮಿ."

"ಮೂಲ ಅರ್ಜಿ ಆಫೀಸು ಬದಲಾಯಿಸುವಾಗ ಕಳೆದಿದೆ," ಎಂದ ವಕೀಲ.

ಜವಾನ ಎದುರುದಾರ ನಂಬರ್ ಎರಡನ್ನು ಕೂಗಿದ. ಉಜ್ಜಿನಪ್ಪ ಚೀಲ ಎತ್ತಿಕೊಂಡು ಬಂದ. ಬಂದವನು ಅದರೊಳಗೆ ಕೈ ಹಾಕಿ ಎಳೆದದ್ದು ತಂತಿಯನ್ನು. ಮೊಣಕಾಲೆತ್ತರದ ಕಾಗದದ ಕಂಬ. ಧೂಳು, ಕಡಲೆಸಿಪ್ಪೆ ಎಲ್ಲ ಫೋರಮ್ಮಿನ ಮೇಜಿನ ಮೇಲೆ ಉದುರಿತು.

"ಇದೇಂಟಯ್ಯಾ?" ಎಂದರು ಅಧ್ಯಕ್ಷರು.

"ಅಂಗಡಿ ರಿಕಾರ್ಡು ಸ್ವಾಮಿ."

"ಬೇಕಾದ ಕಾಗದ ಮಾತ್ರ ತೆಗೆದುಕೊಡು."

"ತೆಗೆಯಂಗಿಲ್ಲ ಸ್ವಾಮಿ. ಚುಚ್ಚಿದ ಕಾಗದ ತೆಗೆದ್ರೆ ಅಂಗಡಿ ಮಾತು ಹೋಯ್ತದೆ ಅಂತಿದ್ರು ನಮ್ಮಪ್ಪ. ನಾನು ತೋರಿಸ್ತೀನಿ, ತಾವು ನೋಡಿ."

ಅವನು ಒಂದೊಂದೇ ಕಾಗದ ಮೇಲಕ್ಕೆ ಸರಿಸುತ್ತ ಹೋದ. ಬೀಜದ ಕಾಯಿ ಆರು ಮೂಟೆ. ಯಾರದೋ ಗೃಹಪ್ರವೇಶ. ಕರೆಂಟು ಬಿಲ್ಲು. ಟೂರಿಂಗ್ ಟಾಕೀಸಿನ ಗುಲಾಬಿ ಚೀಟಿ. ಮತ್ತೆ ಬೀಜದ ಕಾಯಿ. ಒಂದು ಹಸಿರು ಕಾಗದದ ಹತ್ತಿರ ಅವನ ಬೆರಳು ನಿಂತಿತು. ಅದರ ಕೆಳಗಿನದೇ ಅರ್ಜಿ. ಹಸಿರು ಕಾಗದ ಸರಿಸದೆ ಅರ್ಜಿ ಕಾಣುವಂತಿರಲಿಲ್ಲ.

ಉಜ್ಜಿನಪ್ಪ ಅಧ್ಯಕ್ಷರ ಕಡೆ ನೋಡಲಿಲ್ಲ. ಹಿಂದೆ ಗೋಡೆಗೊರಗಿ ನಿಂತಿದ್ದ ಜಯರಾಮಪ್ಪನ ಕಡೆ ತಿರುಗಿದ.

"ಜಯರಾಮ, ಇದು ಮೊದ್ಲು ನೀನು ಕೇಳ್ಬುಡು. ಇದ್ರಾಗೆ ನಂಗೇನೂ ಲಾಭ ಇಲ್ಲ ಅಂದಿದ್ನಲ್ಲ, ಸುಳ್ಳು ಕಣಯ್ಯ. ನಿಮ್ ದುಡ್ಡಿನಾಗೆ ಒಂಬೈನೂರು ಕಮಿಷನ್ ತಗೊಂಡೆ. ಜೊತೆಗೊಂದು ಸೂಟ್‌ಕೇಸು. ನೋಟೀಸು ಬಂದಾಗ ಕೇಸಿಗೆ ಹೆದ್ರಲಿಲ್ಲ ನಾನು. ಈ ಹಸ್ರು ಕಾಗದ ನೀನು ನೋಡ್ತೀಯಲ್ಲ ಅಂತ ಹೆದ್ರಿದೆ." ಅವನು ಆ ಕಾಗದದ ತುದಿ ಸವರಿದ. "ನಿನ್ನೆ ರಾತ್ರಿ ಹರಿದು ಹಾಕನಾ ಅಂತ್ಲೂ ಕುಂತಿದ್ದೆ. ಕೈ ಬರ್ಲಿಲ್ಲ."

ಜಯರಾಮಪ್ಪ ಹೆಗಲ ಟವಲು ಆ ಹೆಗಲಿನಿಂದ ಈ ಹೆಗಲಿಗೆ ಹಾಕಿಕೊಂಡ. "ಥೂ," ಎಂದ ಮೆಲ್ಲಗೆ. "ಇಷ್ಟಕ್ಕಾ ನಮ್ ಮಗ್ಗ ಖಾಲಿ ಕೆಡವ್ದೆ?"

ವಕೀಲನ ಮುಖ ಬಿಳಿಚಿಕೊಂಡಿದ್ದು ಯಾಕೆಂದು ರಂಗಲಕ್ಷ್ಮಮ್ಮನಿಗೆ ತಿಳಿಯಲಿಲ್ಲ. ಅಧ್ಯಕ್ಷರಿಗೆ ತಿಳಿಯಿತು. ಅವರು ತಂತಿಯನ್ನು ತಮ್ಮ ಕಡೆ ಎಳೆದುಕೊಂಡು ಹಸಿರು ಕಮಿಷನ್ ಕಾಗದದ ಮೇಲಿದ್ದ ಕಂಪನಿಯ ಮೊಹರು ಓದಿದರು. ಆಮೇಲೆ ಅದನ್ನು ಸರಿಸಿ ಅರ್ಜಿಯ ಮೇಲಿದ್ದ ಮೊಹರು ಓದಿದರು. 'ಆಷಾಢ ಮಾಸಂ, ರೆಂಡೋ ವಾರಂ' ಎಂಬ ದುಂಡು ಅಕ್ಷರದ ಪಕ್ಕದಲ್ಲೇ ತಂತಿಯ ತೂತು ಬಿದ್ದಿತ್ತು.

"ಈತ ನಿಮ್ಮ ಮನುಷ್ಯನೇ ಅಲ್ಲ ಅಂದಿರಿ," ಎಂದರು ವಕೀಲನಿಗೆ. "ನಿಮ್ಮವನಲ್ಲದವನಿಗೆ ನಿಮ್ಮ ಕಂಪನಿ ಕಮಿಷನ್ ಯಾಕೆ ಕೊಟ್ಟಿತು?"

ವಕೀಲ ಫೈಲು ತಿರುವಿದ. "ವಿಚಾರಿಸಿ ತಿಳಿಸುತ್ತೇನೆ ಸರ್," ಎಂದ.

"ಕಂಪನಿ ಪರವಾಗಿ ಈತ ಬರೆದ, ನೀವು ಮೊಹರು ಒತ್ತಿದಿರಿ. ಆಷಾಢ ಅಂದರೆ ಯಾವಾಗ ಅಂತ ಗೊತ್ತಿಲ್ಲದಿದ್ದರೆ ಒತ್ತುವ ಮೊದಲೇ ಕೇಳಬೇಕಿತ್ತು," ಎಂದರು ಸದಸ್ಯೆ. ಅವರ ಕೈ ಪಂಚಾಂಗದ ಮೇಲಿತ್ತು.

ಹೊರಗೆ ಮೆಟ್ಟಿಲ ಮೇಲೆ ಮೂವರೂ ಬಂದು ನಿಂತರು. ಮೊದಲು ಬಾಯಿಬಿಟ್ಟವನು ಜಯರಾಮಪ್ಪ.

"ಆ ಸೂಟ್‌ಕೇಸ್ ಎಲ್ಲೈತ್ಲಾ?"

"ಅದ್ರ ಜಿಪ್ಪು ಮೊದಲ್ನೇ ಸಲಕ್ಕೇ ಕಿತ್ತೋಯ್ತು."

"ದೇವ್ರು ಅವ್ನೆ."

ರಂಗಲಕ್ಷ್ಮಮ್ಮನಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಉಜ್ಜಿನಪ್ಪ ಜೇಬಿಗೆ ಕೈ ಹಾಕಿ ಒಂದು ಪುಟ್ಟ ಗಂಟು ತೆಗೆದ. ಬಿಳಿ ಬಟ್ಟೆ ಬೆವರಿಗೆ ನೆನೆದು ಹಳದಿಯಾಗಿತ್ತು, ಜೇಬೂ ಹಳದಿ, ಅವನ ಬೆರಳೂ ಹಳದಿ. "ದಿನಾ ಅಂಗಿ ಬದ್ಲಾಯಿಸ್ದಾಗ ಇದನ್ನೂ ಬದ್ಲಾಯಿಸ್ತಿದ್ದೆ ಕಣಮ್ಮ. ಇವತ್ತು ಬತ್ತೀನಿ, ನಾಳೆ ಬತ್ತೀನಿ ಅನ್ಕೊಂಡು. ಮೊಕ ಇರ್ಲಿಲ್ಲ."

ಅವಳು ಎರಡೂ ಕೈ ಚಾಚಿ, ಸೆರಗು ಹಿಡಿದು ಇಸಿದುಕೊಂಡಳು. "ಎಷ್ಟು ಅಂಗಿ ಹಾಳು ಮಾಡ್ದೆ ಅಣ್ಣಾ?"

"ಏಳು."

"ಅತ್ತಿಗೆ ಇನ್ನೊಂದು ಕೇಸು ಹಾಕ್ತಾಳೆ ನೋಡು."

ಮಾರನೇ ದಿನವೇ ಮೂರನೇ ಮಗ್ಗದ ಕಂಬಕ್ಕೆ ಅರಿಶಿನ ಏರಿತು. ಶಿವಗಂಗ ವೈಶಾಖದಲ್ಲಿ ಗಿಳಿಹಸಿರು ಮೈಯ, ಕುಂಕುಮದ ಅಂಚಿನ ಸೀರೆ ಉಟ್ಟು ಧಾರೆಗೆ ಕೂತಳು. ಫೋರಮ್ಮಿನ ತೀರ್ಪು ಅದಕ್ಕೆ ಮೊದಲೇ ಬಂದಿತ್ತು. ಕಂಪನಿ ಹದಿನೆಂಟು ಸಾವಿರವನ್ನು ಬಡ್ಡಿ ಸೇರಿಸಿ ವಾಪಸ್ಸು ಕೊಡಬೇಕು. ಎದುರುದಾರ ನಂಬರ್ ಎರಡು ತಾನು ತೆಗೆದುಕೊಂಡ ಒಂಬೈನೂರನ್ನು ದೂರುದಾರಳಿಗೆ ಕೊಡಬೇಕು. ಕಂಪನಿ ಎರಡು ಸಲ ಗೊಣಗಿ ಕೊಟ್ಟಿತು. ಉಜ್ಜಿನಪ್ಪ ಮದುವೆ ಮುಗಿದ ಮೇಲೆ ನೋಟು ಎಣಿಸಿ ತಂದಿಟ್ಟ.

ರಂಗಲಕ್ಷ್ಮಮ್ಮ ಮುಟ್ಟಲಿಲ್ಲ. "ದುಡ್ಡು ಬ್ಯಾಡ ಅಣ್ಣಾ. ನೀನು ಏಳು ಸೂರ್ಯೋದಯ ಅಂತ ಹೇಳ್ದೆ. ಏಳು ಸೂರ್ಯೋದಯಾನೇ ಕೊಡು."

"ಅದೆಲ್ಲಿಂದ ತರ್ಲಮ್ಮ ನಾನು?"

"ಕಲ್ಯಾಣದುರ್ಗದಾಗೆ ಹುಟ್ಟಾಕಿಲ್ವಾ?" ಎಂದಳು ವೀರಭದ್ರಮ್ಮ. "ಆಷಾಢಕ್ಕೆ ಬಾರೆ ರಂಗಿ. ಈ ವರ್ಷ ಆಷಾಢ ಒಂದೇ ಐತೆ, ತಪ್ಪಾಕಿಲ್ಲ."

ಆಷಾಢದ ಎರಡನೇ ವಾರ ಗಂಡಹೆಂಡತಿ ಬಂದಿಳಿದರು. ಮಾಳಿಗೆಯ ಮೇಲಿನ ಕೋಣೆಯಲ್ಲಿ ಹೊಸ ಜಮಖಾನ ಹಾಸಿ ವೀರಭದ್ರಮ್ಮ ಕಾನೂನು ಹೇಳಿದಳು. ಏಳುವ ಹಾಗಿಲ್ಲ, ಅಡುಗೆಮನೆಗೆ ಬರುವ ಹಾಗಿಲ್ಲ, ಪೊರಕೆ ಮುಟ್ಟುವ ಹಾಗಿಲ್ಲ. ಮೊದಲ ದಿನ ಬೆಳಿಗ್ಗೆ ವೀರಭದ್ರಮ್ಮ ಎದ್ದು ನೋಡಿದರೆ ಬಾಗಿಲಿಗೆ ನೀರು ಹಾಕಿತ್ತು, ರಂಗೋಲಿ ಬಿಟ್ಟಿತ್ತು, ಒಲೆಯ ಮೇಲೆ ಕಾಫಿ ಕುದಿಯುತ್ತಿತ್ತು.

"ಇವತ್ತಿಂದು ಲೆಕ್ಕಕ್ಕಿಲ್ಲ," ಎಂದ ಉಜ್ಜಿನಪ್ಪ ಗಾದಿಯಿಂದ.

ಎರಡನೇ ದಿನ ರಂಗಲಕ್ಷ್ಮಮ್ಮ ನಾಲ್ಕೂವರೆಗೆ ಏಳಲಿಲ್ಲ. ಆದರೆ ಕೊಟ್ಟಿಗೆಯ ಕರು ಅರಚಿತೆಂದು ಐದಕ್ಕೇ ಇಳಿದು ಬಂದು, ಬಂದದ್ದಕ್ಕೆ ಹಾಲೂ ಕರೆದಿಟ್ಟಳು. ಅದೂ ಲೆಕ್ಕಕ್ಕಿಲ್ಲ. ಮೂರನೇ ದಿನ ಗಂಡನೇ ಬಾಗಿಲಿಗೆ ಅಡ್ಡ ಮಲಗಿದ. ಅವಳು ಅವನನ್ನು ದಾಟಿ ಬಂದಳು. "ಈ ಲೆಕ್ಕದಾಗೆ ನಿಮ್ದು ದೀಪಾವಳಿಗೂ ಮುಗಿಯಾಕಿಲ್ಲ ಕಣಯ್ಯ," ಎಂದ ಉಜ್ಜಿನಪ್ಪ, ಜಯರಾಮಪ್ಪನಿಗೆ ಎಲೆ ಅಡಿಕೆ ಮಡಚಿಕೊಡುತ್ತ. ಅವನೇನೂ ಬೇಸರದಿಂದ ಹೇಳಿದ ಹಾಗಿರಲಿಲ್ಲ.

ನಾಲ್ಕನೇ ದಿನ ಎಂದಿನಂತೆ ನಾಲ್ಕೂವರೆಗೆ ರಂಗಲಕ್ಷ್ಮಮ್ಮನಿಗೆ ಎಚ್ಚರವಾಯಿತು. ಕಣ್ಣು ತೆರೆಯಲಿಲ್ಲ. ಕೆಳಗೆ ವೀರಭದ್ರಮ್ಮ ಬಾಗಿಲಿನ ಅಗುಳಿ ತೆಗೆದದ್ದು ಕೇಳಿಸಿತು. ಪೊರಕೆಯ ಸದ್ದು ಬಂತು. ಒಂದು ಕಡೆ ಸರಿಯಾಗಿ ಗುಡಿಸಲಿಲ್ಲ, ಮೂಲೆ ಬಿಟ್ಟಳು ಅನ್ನಿಸಿತು. ಮಗ್ಗುಲಾದಳು. ಬ್ರಹ್ಮಸಮುದ್ರದ ಮೊದಲ ಬಸ್ಸು ಬೀದಿ ಕೊನೆಯಲ್ಲಿ ಹಾರ್ನು ಹೊಡೆದು ಹೋಯಿತು. ಕಂಬಳಿಯೊಳಗೆ ಅವಳ ಬಲಗೈ ತಾನಾಗಿ ಮೆಲ್ಲಗೆ ತಿರುಗುತ್ತಿತ್ತು, ರಾಟೆ ಹಿಡಿದ ಹಾಗೆ. ಎಡಗೈಯಿಂದ ಅದನ್ನು ಹಿಡಿದು ನಿಲ್ಲಿಸಿದಳು.

ಹಾಲು ಉಕ್ಕಿದ ವಾಸನೆ ಬಂತು. ಆಮೇಲೆ ಕಾಫಿಯ ವಾಸನೆ. ಮೆಟ್ಟಿಲ ಮೇಲೆ ಕಾಲುಂಗುರದ ಸಣ್ಣ ಸದ್ದು, ಒಂದೊಂದೇ ಮೆಟ್ಟಿಲು. ತಲೆಯ ಪಕ್ಕ ಹಿತ್ತಾಳೆ ತಟ್ಟೆ ನೆಲಕ್ಕೆ ತಾಗಿತು. ಅದರ ಮೇಲೆ ಲೋಟದ ಬಳಿ ಮೆತ್ತಗಿನದೇನನ್ನೋ ಇಟ್ಟ ಹಾಗಾಯಿತು, ಕನಕಾಂಬರವಿರಬೇಕು. ವೀರಭದ್ರಮ್ಮ ಸ್ವಲ್ಪ ಹೊತ್ತು ಅಲ್ಲೇ ನಿಂತು, ಸದ್ದು ಮಾಡದೆ ಇಳಿದು ಹೋದಳು.

ಕಿಟಕಿಯ ಹೊರಗೆ ಬೆಳಕು ಹರಿಯಿತು. ಕಾಫಿಯ ಹಬೆ ಬಂದು ರಂಗಲಕ್ಷ್ಮಮ್ಮನ ಕೆನ್ನೆ ಮುಟ್ಟಿತು. ಅವಳು ಇನ್ನೂ ಕಣ್ಣು ಬಿಡಲಿಲ್ಲ.